ಕತ್ತಲೆ ಕೋಣೆಯಲ್ಲಿ ಹುಟ್ಟಿದವರು

ಹುಟ್ಟಿದ್ದೆಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಊರಿನ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಯಾವ ಕೋಣೆ ಎಂಬುದನ್ನೂ ಹೇಳುತ್ತೇನೆ. ನಡುಮನೆಗೆ ಅಂಟಿಕೊಂಡಿದ್ದ ಕತ್ತಲೆ ಕೋಣೆ. ರಾಗಿಯ ಗುಡಾಣ, ಸುತ್ತಿಟ್ಟ ಬಾವಿ ಹಗ್ಗ, ನವರಾತ್ರಿಗೆ ಮಾತ್ರ ಹೊರಬರುವ ಬೊಂಬೆ ಪೆಟ್ಟಿಗೆ, ಇವುಗಳ ನಡುವೆ ಒಂದು ಚಾಪೆಯಷ್ಟು ಜಾಗ ಬಿಡಿಸಿ ಅಮ್ಮನನ್ನು ಮಲಗಿಸಿದ್ದರಂತೆ. ನನ್ನ ಸಲುವಾಗಿ ಆ ಕೋಣೆಯಿಂದ ಹೊರಗೆ ಹೋದದ್ದೆಂದರೆ ಉಪ್ಪಿನಕಾಯಿ ಜಾಡಿಗಳು ಮಾತ್ರ. ಅದೂ ನನ್ನ ಮೇಲಿನ ಅಕ್ಕರೆಗಲ್ಲ, ಪುರುಡಿನ ಮೈಲಿಗೆ ತಗುಲಿ ಉಪ್ಪಿನಕಾಯಿ ಕೆಟ್ಟೀತೆಂದು.

ಚೊಚ್ಚಲ ಹೆರಿಗೆ, ಹಾಗಾಗಿ ಅಮ್ಮನ ತೌರುಮನೆ. ತಾತ ಶಾನುಭೋಗರು. ನೋವು, ಬಿಸಿನೀರು, ಹಳೇ ಬಟ್ಟೆ ಎಲ್ಲ ಹೆಂಗಸರ ಖಾತೆ. ತಾತನದು ಲಗ್ನದ ಖಾತೆ. ತೊಡೆಯ ಮೇಲೆ ಪಂಚಾಂಗ, ಅಂಗೈಯಲ್ಲಿ ಸರಪಳಿ ಗಡಿಯಾರ ಇಟ್ಟುಕೊಂಡು ಸಂಜೆಯಿಂದಲೇ ಜಗಲಿ ಹಿಡಿದು ಕೂತಿದ್ದರು. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತಕರಾರೆಂದರೆ, ಮಗು ಹುಟ್ಟಿತು ಅನ್ನುವುದು ಯಾವಾಗ? ತಲೆ ಕಂಡಾಗಲೋ, ನೆಲ ಮುಟ್ಟಿದಾಗಲೋ, ಅತ್ತಾಗಲೋ? ಜೋಯಿಸರಲ್ಲೇ ಇದಕ್ಕೆ ಒಮ್ಮತವಿಲ್ಲ. ತಾತ ಒಂದು ಉಪಾಯ ಮಾಡಿದರು. ಸೂಲಗಿತ್ತಿ ಅಜ್ಜಿಯ ಕೈಗೆ ನಿಂಬೆಹಣ್ಣು ಕಳಿಸಿ, ತಲೆ ಕಂಡೊಡನೆ ಬಾಗಿಲ ಸಂದಿಯಿಂದ ಉರುಳಿಸಬೇಕೆಂದು ತಾಕೀತು ಮಾಡಿದರು. ರಾತ್ರಿಯೆಲ್ಲ ಹೊಸ್ತಿಲ ಮೇಲೇ ಕಣ್ಣು. ನಿಂಬೆಹಣ್ಣು ಬರಲೇ ಇಲ್ಲ. ನಡುರಾತ್ರಿ ಅಮ್ಮ ಬಾಯಾರಿಕೆ ಎಂದಾಗ ಅಜ್ಜಿ ಅದನ್ನು ಕೊಯ್ದು ಪಾನಕ ಮಾಡಿ ಕುಡಿಸಿಬಿಟ್ಟಿದ್ದಳು.

ಹೀಗಾಗಿ ನನಗೆ ಎರಡು ಜಾತಕ. ತಾತನ ಗಡಿಯಾರದ ಪ್ರಕಾರ ಮೀನ ಲಗ್ನ; 'ಕೋಳಿ ಎರಡನೇ ಸಲ ಕೂಗಿತ್ತು ಸ್ವಾಮಿ' ಎಂಬ ಅಜ್ಜಿಯ ಹೇಳಿಕೆಯ ಪ್ರಕಾರ ಮೇಷ. ಮದುವೆಯ ಮಾತುಕತೆಯಲ್ಲಿ ಯಾವುದು ಕೂಡಿಬರುತ್ತದೋ ಅದನ್ನು ಕಳಿಸುತ್ತಿದ್ದರು. ನಮ್ಮವರ ಮನೆಗೆ ಹೋದದ್ದು ಕೋಳಿ ಜಾತಕ.

ನನ್ನ ಹುಟ್ಟಿನ ವಿಷಯವೆಲ್ಲ ಹೀಗೆ ಕೇಳಿದ್ದೇ. ಆದರೆ ತಮ್ಮ ಹುಟ್ಟಿದಾಗ ನಾನು ಎರಡನೇ ಕ್ಲಾಸು. ಮಕ್ಕಳನ್ನೆಲ್ಲ ಎದುರು ಮನೆಗೆ ಅಟ್ಟಿದ್ದರು. ನಾನು ಹಿತ್ತಿಲಿಂದ ನುಸುಳಿ ಬಂದು ಕತ್ತಲೆ ಕೋಣೆಯ ಬಾಗಿಲ ಬಿರುಕಿಗೆ ಕಣ್ಣಿಟ್ಟೆ. ಕಂಡದ್ದು ಅಜ್ಜಿಯ ಬೆನ್ನು ಮಾತ್ರ. ಪಕ್ಕದಲ್ಲಿ ಹರಳೆಣ್ಣೆ ಬಟ್ಟಲು, ಬಿಳಿ ದಾರದುಂಡೆ, ಕಾಗದ ಸುತ್ತಿದ ಹೊಸ ಬ್ಲೇಡು. 'ನೋವು ತಿನ್ನವ್ವಾ, ಇನ್ನೊಂದೇ ಒಂದು ನೋವು ತಿನ್ನು' ಅನ್ನುತ್ತಿದ್ದಳು. ಆ ಒಂದೇ ಒಂದು ಎಷ್ಟೋ ಹೊತ್ತು ನಡೆಯಿತು. ಆಮೇಲೆ ಅವಳ ಬೆನ್ನು ಒಮ್ಮೆ ಮುಂದಕ್ಕೆ ಬಾಗಿ ನೆಟ್ಟಗಾಯಿತು. ಕೈಯಲ್ಲಿ ಏನೋ ತಲೆಕೆಳಗಾಗಿ ತೂಗುತ್ತಿತ್ತು. ಅದರ ಬೆನ್ನಿಗೆ ಎರಡು ಬಾರಿಸಿದಳು. ನಮ್ಮ ತಮ್ಮ ಲೋಕದಲ್ಲಿ ತಿಂದ ಮೊದಲ ಏಟು. ಅಳು ಕೇಳಿ ಒಳಗಿದ್ದವರು ನಗತೊಡಗಿದರೆ ಅಜ್ಜಿ ಗದರಿದಳು: 'ಕಸ ಬೀಳೋ ತನಕ ಯಾರೂ ಹಲ್ಲು ಕಿರೀಬ್ಯಾಡಿ.' ಮಗು ಬಂದರೆ ಅರ್ಧ ಕೆಲಸ. ಕಸ ಪೂರ್ತಿ ಬಿದ್ದು ನೆತ್ತರು ಹಿಡಿತಕ್ಕೆ ಬಂದರೆ ತಾಯಿ ಉಳಿದಳೆಂದು ಲೆಕ್ಕ. ಅದೂ ಬಿದ್ದ ಮೇಲೆಯೇ ಮೊರಕ್ಕೆ ಹಳೇ ಸೀರೆಯ ತುಂಡು ಹಾಸಿ, ತಮ್ಮನನ್ನು ಮಲಗಿಸಿ, ಹೊರಗೆ ಕಳಿಸಿದರು.

ಹತ್ತು ದಿನ ಪುರುಡು. ಮನೆಮಂದಿಯೆಲ್ಲ ಮೈಲಿಗೆಯಾದ್ದರಿಂದ ಯಾರು ಯಾರನ್ನು ಮುಟ್ಟಿದರೂ ಅಡ್ಡಿಯಿರಲಿಲ್ಲ. ಅಜ್ಜಿ ನಡುಮನೆಯಲ್ಲಿ ಓಡಾಡಿದಳು, ಒಲೆಯ ಕೆಂಡ ತಾನೇ ಎತ್ತಿಕೊಂಡು ಸಾಂಬ್ರಾಣಿ ಹಾಕಿದಳು, ಬಚ್ಚಲಲ್ಲಿ ಕಾಲು ನೀಡಿ ಕೂತು ಮೊಣಕಾಲ ಕೆಳಗಿನ ಸಂದಿಯಲ್ಲಿ ತಮ್ಮನನ್ನು ಉದ್ದಕ್ಕೆ ಮಲಗಿಸಿ ಎಣ್ಣೆ ತಿಕ್ಕಿ ಮೂಗು ನೀವಿ ನೆಟ್ಟಗೆ ಮಾಡಿದಳು. ಹನ್ನೊಂದನೆಯ ದಿನ ಪುಣ್ಯಾಹದ ನೀರು ಬಿದ್ದದ್ದೇ ತಡ, ನಾವೆಲ್ಲ ಶುದ್ಧರಾದೆವು, ಅವಳು ಹಿತ್ತಿಲ ಬಾಗಿಲಿಗೆ ಮರಳಿದಳು. ಮನೆಗೆ ಬಂದ ಜೀವವನ್ನು ಮೊದಲು ಮುಟ್ಟಿದ ಕೈಗೆ ಮನೆಯ ಮುಂಬಾಗಿಲು ಇಲ್ಲ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ; ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಮಾತ್ರ ಬೇರೆ ರೀತಿಯಲ್ಲಿ ಲೆಕ್ಕ ಚುಕ್ತಾ ಮಾಡಿಕೊಂಡಳು. ತಮ್ಮ ಬ್ಯಾಂಕ್ ಮ್ಯಾನೇಜರಾಗಿ ಊರಿಗೆ ಬಂದಾಗ ಸಾಲಕ್ಕೆ ನಿಂತಿದ್ದವರೆಲ್ಲರ ಎದುರು, 'ಏನ್ಲಾ, ಕಂಡೂ ಕಾಣದಂಗೆ ಹೋಗ್ತೀಯ? ನಿನ್ನ ಕಾಲು ಹಿಡಿದು ತಲೆಕೆಳಗೆ ಆಡಿಸಿದೋಳು ನಾನು' ಅಂದಳು. ಪಂಚಾಯಿತಿ ಅಧ್ಯಕ್ಷರಿಗೂ ಅದೇ ಮಾತು, ಪೊಲೀಸ್ ಪೇದೆಗೂ ಅದೇ. ಊರಿನ ಯಾವ ಮದುವೆಯಲ್ಲೂ ಅವಳಿಗೊಂದು ಸೀರೆ ತಪ್ಪುವಂತಿಲ್ಲ. ಅವಳು ಹೋದ ಮೇಲೆ ನಮ್ಮೂರ ದೊಡ್ಡ ಮನುಷ್ಯರೆಲ್ಲ ಇನ್ನಷ್ಟು ದೊಡ್ಡವರಾದರು.

ನಮ್ಮ ತುಮಕೂರು ಸೀಮೆಯವರೇ, ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಆ ಮಕ್ಕಳನ್ನೆಲ್ಲ ಒಂದೆಡೆ ಕೂಡಿಸಿದ್ದರೆ ಒಂದು ಪಟ್ಟಣ ಪಂಚಾಯಿತಿಯೇ ಆಗುತ್ತಿತ್ತು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ರಶಸ್ತಿಯ ಸುದ್ದಿ ಟಿವಿಯಲ್ಲಿ ಬಂದ ದಿನ ನಾನು ಭಾವುಕಳಾಗಿ, 'ಅಮ್ಮಾ, ಮನೇಲಿ ಹುಟ್ಟೋದ್ರಲ್ಲಿ ಏನೋ ಒಂದು ಇತ್ತು ಅಲ್ವಾ, ಇದನ್ನ ಬರೀಬೇಕು' ಅಂದೆ. ಅಮ್ಮ ಹುರಳಿಕಾಯಿ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. 'ಬರಿ, ಬರಿ. ಹೆತ್ತೋಳು ನಾನು, ಕತೆ ನಿಂದು' ಅಂದರು.

ಆಮೇಲೆ, ಅದುವರೆಗೆ ಹೇಳದಿದ್ದ ಒಂದು ವಿಷಯ ಹೇಳಿದರು. ಪಕ್ಕದ ಬೀದಿಯ ಹುಡುಗಿ, ಅಮ್ಮನ ಓರಗೆಯವಳು. ಮಗು ಬಂತು, ನೆತ್ತರು ನಿಲ್ಲಲಿಲ್ಲ. ಗಾಡಿ ಕಟ್ಟಿದರು. ಕೆರೆ ಏರಿ ದಾಟುವುದರೊಳಗೆ ಗಾಡಿ ತಿರುಗಿಸಿದರು. ಕುಡುಗೋಲಲ್ಲಿ ಹೊಕ್ಕುಳ ಬಳ್ಳಿ ಕೊಯ್ದು, ವಾರದೊಳಗೆ ಧನುರ್ವಾಯು ಹಿಡಿದು ಹೋದ ಕೂಸುಗಳೂ ಇದ್ದವಂತೆ. ನಮ್ಮ ಅಜ್ಜಿಯ ಹೊಸ ಬ್ಲೇಡಿನ ಹಟಕ್ಕೆ ಕಾರಣ ಅದು. ಬಾಣಂತಿಯರಿಗೂ ಹಸುಗೂಸುಗಳಿಗೂ ಬರುವ ಆ ರೋಗ ದೇಶದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಹಾಗಾಗಿ ಆ ಕಾಲ ವಾಪಸು ಬರಲಿ ಎಂದು ನಾನಂತೂ ಹರಕೆ ಹೊರುವುದಿಲ್ಲ.

ಬರುವ ಅಂಜಿಕೆಯೂ ಇಲ್ಲ. 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 65ರಷ್ಟು ಆಸ್ಪತ್ರೆಯಲ್ಲಾಗುತ್ತಿದ್ದವು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು ಶೇ. 97. ಜನನಿ ಸುರಕ್ಷಾ ಬಂತು, ತಾಯಿ ಕಾರ್ಡು ಬಂತು, ಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದಳು, 108 ಬಂತು. ಒಮ್ಮೊಮ್ಮೆ ಆಸ್ಪತ್ರೆಗೂ ಕಾಯದೆ ಆಂಬುಲೆನ್ಸಿನಲ್ಲೇ ಹುಟ್ಟಿದ ಮಗುವಿನ ಸುದ್ದಿ ಪೇಪರಿನಲ್ಲಿ ಓದುತ್ತೇನೆ. ಜಾತಕದಲ್ಲಿ ಯಾವ ಊರೆಂದು ಬರೆಯುತ್ತಾರೋ, ತಾತನನ್ನೇ ಕೇಳಬೇಕಿತ್ತು.

ಮಗಳ ಹೆರಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಾಯಿತು. ಮಗು ಅಡ್ಡ ತಿರುಗಿದೆ, ಸಿಸೇರಿಯನ್ ಆಗಬೇಕೆಂದರು. ಸರಿ, ಬೀಗರು ಜೋಯಿಸರ ಹತ್ತಿರ ಓಡಿದರು. ನಮ್ಮ ತಾತ ಗಡಿಯಾರ ಹಿಡಿದು ಕಾದದ್ದನ್ನು ಇವರು ಮೊದಲೇ ಬರೆಸಿಕೊಂಡು ಬಂದರು. ಜೋಯಿಸರು ಕೊಟ್ಟದ್ದು ಬೆಳಗಿನ ಆರೂವರೆ, ಅರಿವಳಿಕೆ ಡಾಕ್ಟರು ಬರುವುದು ಎಂಟಕ್ಕೆ. ಮೊಮ್ಮಗಳು ಅರಿವಳಿಕೆ ಡಾಕ್ಟರ ಲಗ್ನದಲ್ಲೇ ಹುಟ್ಟಿದಳು. ಒಳಗಿದ್ದವರು ಶ್ರದ್ಧೆಯಿಂದ ಕೆಲಸ ಮಾಡಿದರು, ದೂರುವಂಥದ್ದೇನಿಲ್ಲ. ಹೊರಗೆ ಕುರ್ಚಿಯಲ್ಲಿ ಸಾಲಾಗಿ ಕೂತ ನಮಗೇ ಮಾಡಲು ಏನೂ ಇರಲಿಲ್ಲ. ನೀರು ಕಾಯಿಸುವುದಿಲ್ಲ, ಹಳೇ ಸೀರೆ ಹರಿಯುವುದಿಲ್ಲ, ಯಾರನ್ನೂ ಓಡಿಸುವುದಿಲ್ಲ. ಬೀಗರು ಫೋನ್ ನೋಡಿದರು, ನಾನು ಬೀಗರನ್ನು ನೋಡಿದೆ.

ಮನೆಗೆ ಬಂದ ಮೇಲೆ ಕೂಸಿಗೆ ನೀರು ಹಾಕಲು ಮಗಳು ಫೋನಿನಲ್ಲೇ ಒಬ್ಬಾಕೆಯನ್ನು ಗೊತ್ತು ಮಾಡಿದಳು. ಗುರುತಿನ ಚೀಟಿ ನೇತುಹಾಕಿಕೊಂಡು ಬಂದ ಹುಡುಗಿ. ಅಮ್ಮ ಬಚ್ಚಲ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಪರೀಕ್ಷೆಗೆ ಕೂತರು. ಹುಡುಗಿ ಸಣ್ಣ ಮಣೆಯ ಮೇಲೆ ಕೂತು ಎರಡು ಕಾಲು ನೀಡಿ, ಕೂಸನ್ನು ಅದರ ಮೇಲೆ ಮಲಗಿಸಿ, ಬೋರಲು ತಿರುಗಿಸಿ ಬೆನ್ನಿಗೆ ನೀರು ಹುಯ್ದಳು. ಅಮ್ಮನ ಮುಖ ಸಡಿಲವಾಯಿತು. 'ಯಾರ ಹತ್ರ ಕಲಿತೆ?' 'ನಮ್ಮಜ್ಜಿ ಹತ್ರ ಕಣಜ್ಜಿ.' ಅಷ್ಟೇ ಸಾಕಾಯಿತು. ಕೊನೆಯ ದಿನ ಅಮ್ಮ ಬೀರುವಿನಿಂದ ಹೊಸ ಸೀರೆ ತೆಗೆಸಿ, ಅರಿಶಿನ ಕುಂಕುಮ ಕೊಟ್ಟು, ಮುಂದೆ ಈ ಕೂಸಿನ ಮದುವೆಗೂ ಬರಬೇಕೆಂದು ಹೇಳಿದರು. ಹುಡುಗಿ ಸೀರೆ ಕಣ್ಣಿಗೊತ್ತಿಕೊಂಡು ಅಮ್ಮನ ಕಾಲಿಗೆ ಬಿದ್ದಳು. ಎದ್ದವಳು ಮಗಳ ಕಡೆ ತಿರುಗಿ, 'ಮೇಡಂ, ಮರೀದೆ ಫೈವ್ ಸ್ಟಾರ್ ಹಾಕ್ಬಿಡಿ' ಅಂದಳು.

'ಅದೇನದು ಅವಳು ಕೇಳಿದ್ದು?' ಅಂದರು ಅಮ್ಮ. 'ಕೊಟ್ಟುಬಿಡು, ಇನ್ನೊಂದು ರವಿಕೆ ಕಣವೂ ಇದ್ದರೆ ಅದನ್ನೂ ಕೊಡು.'