ಮೋಡ ಕವಿದ ಬೆಳಗಿಗೆ ಕಾದವರು

ಡ್ಯೂಸೆಲ್‌ಡಾರ್ಫ್‌ನ ರೈನ್ ನದಿಯ ದಂಡೆಯಲ್ಲಿ ನಿಂತಿದ್ದೇನೆ. ಮೇ ತಿಂಗಳು. ನಮ್ಮ ಬಂಗಾರಪೇಟೆಯಲ್ಲಿ ಈ ಹೊತ್ತಿಗೆ ಕಾಗೆಗಳೂ ನೆರಳು ಹುಡುಕುತ್ತಿರುತ್ತವೆ. ಇಲ್ಲಿ ನಾನು ಸ್ವೆಟರ್ ಮೇಲೆ ಶಾಲು ಹೊದ್ದೂ ನಡುಗುತ್ತಿದ್ದೇನೆ. ನಮ್ಮ ಕಡೆಯ ಪಾಲಾರ್ ವರ್ಷದ ಬಹುಪಾಲು ಬರೀ ಮರಳು. ಇಲ್ಲಿ ಒಂದರ ಹಿಂದೊಂದು ಸರಕಿನ ಹಡಗುಗಳು ಬಸ್ಸಿನ ಹಾಗೆ ಓಡಾಡುತ್ತಿವೆ. ಕಣ್ಣು ತುಂಬುವಷ್ಟು ನೀರು!

“ಚಿಕ್ಕಮ್ಮಾ, ಆ ದಡದಿಂದ ಈ ದಡಕ್ಕೇ ಅವರು ದೋಣೀಲಿ ಬಂದಿದ್ದು,” ಎಂದು ಅಕ್ಕನ ಮಗಳು ಕೈ ತೋರಿಸುತ್ತಾಳೆ. ಅವರು ಎಂದರೆ ಜೋಸೆಫ್ ಬಾಯ್ಸ್. ಇಲ್ಲಿನ ಕಲಾ ಅಕಾಡೆಮಿಯ ಪ್ರಾಧ್ಯಾಪಕ. ಪ್ರವೇಶ ಸಿಗದೆ ಹೊರಗುಳಿದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೋಗಿ ಅಕಾಡೆಮಿಯ ಕಚೇರಿಯಲ್ಲೇ ಕುಳಿತುಬಿಟ್ಟದ್ದಕ್ಕೆ 1972ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಮರುವರ್ಷ ಅಕ್ಟೋಬರಿನಲ್ಲಿ ಅನಾಟೋಲ್ ಹೆರ್ಜ್‌ಫೆಲ್ಡ್ ಎಂಬ ಶಿಷ್ಯ ಮರದ ಬೊಡ್ಡೆ ತೋಡಿ ದೋಣಿ ಮಾಡಿ, ಗುರುವನ್ನು ಅದರಲ್ಲಿ ಕೂರಿಸಿಕೊಂಡು ಹೊಳೆ ದಾಟಿಸಿ ಅಕಾಡೆಮಿಯ ದಡಕ್ಕೆ ತಂದ. ಈ ಹೊಳೆ ದಾಟುವಿಕೆಯೇ ಕಲಾಕೃತಿ. ಗೋಡೆಗೆ ತೂಗುಹಾಕಲು ಏನೂ ಇಲ್ಲ. ಗುಹನ ದೋಣಿಯ ಕತೆ ಕೇಳಿ ಬೆಳೆದ ನನಗೆ ಇದು ಅಷ್ಟೇನೂ ಅಪರಿಚಿತ ಅನ್ನಿಸಲಿಲ್ಲ. ದೋಣಿ ದಾಟಿಸಿದವನ ಭಕ್ತಿ ನಮಗೆ ಇಂದಿಗೂ ನೆನಪಿದೆ. ದೋಣಿ ಎಲ್ಲಿ ಹೋಯಿತೆಂದು ಯಾರು ಕೇಳಿದ್ದಾರೆ?

ಅಕಾಡೆಮಿಯ ಮುಂದೆ ನಿಂತು ಅವಳು ಇನ್ನೊಂದು ಕತೆ ಹೇಳುತ್ತಾಳೆ. 1982ರಲ್ಲಿ ಬಾಯ್ಸ್ ಇಲ್ಲಿನ ಒಂದು ಕೋಣೆಯ ಮೂಲೆಯಲ್ಲಿ, ಎತ್ತರದಲ್ಲಿ, 5 ಕಿಲೋ ಬೆಣ್ಣೆ ಮೆತ್ತಿದರು. ಕೊಬ್ಬು ಕರಗುತ್ತದೆ, ಗಟ್ಟಿಯಾಗುತ್ತದೆ, ಹಳತಾಗುತ್ತದೆ; ಆ ಬದಲಾವಣೆಯನ್ನೇ ಅವರು ಶಿಲ್ಪ ಎಂದು ಕರೆದದ್ದು. 1986ರಲ್ಲಿ ಅವರು ತೀರಿಕೊಂಡ ಕೆಲವು ತಿಂಗಳಿಗೆ ಕೋಣೆ ಶುಚಿ ಮಾಡುವವರು ಅದನ್ನು ಕೆರೆದು ತೆಗೆದುಬಿಟ್ಟರು. ಬೆಣ್ಣೆ ತಮ್ಮದೆಂದು ಶಿಷ್ಯರೊಬ್ಬರು ಕೋರ್ಟಿಗೆ ಹೋದರು. ಸರ್ಕಾರ 40,000 ಮಾರ್ಕ್ ಪರಿಹಾರ ಕೊಟ್ಟಿತು. ನನಗೆ ಅಮ್ಮ ನೆನಪಾದಳು. ದಿನಾ ಬೆಳಗ್ಗೆ ಅಷ್ಟು ಶ್ರದ್ಧೆಯಿಂದ ರಂಗೋಲಿ ಹಾಕಿ, ಮರುದಿನ ತಾನೇ ಗುಡಿಸಿ, ನೀರು ಚಿಮುಕಿಸಿ, ಮತ್ತೆ ಚುಕ್ಕಿ ಇಡುತ್ತಿದ್ದಳು. ಅಳಿಸಿಹೋಗುವುದನ್ನು ಒಪ್ಪಿಕೊಂಡೇ ಮಾಡುವ ಕೆಲಸಕ್ಕೆ ನಮ್ಮ ಹೊಸ್ತಿಲಲ್ಲೂ ಜಾಗವಿತ್ತು.

ಹೀಗೆ ಆಗಿ ಹೋಗುವುದನ್ನು ಹಿಡಿದಿಟ್ಟದ್ದು ಕ್ಯಾಮೆರಾ. 1965ರ ನವೆಂಬರ್ 26ರಂದು ಇದೇ ಊರಿನ ಶ್ಮೇಲಾ ಗ್ಯಾಲರಿಯಲ್ಲಿ ಬಾಯ್ಸ್ ತಲೆಗೆ ಜೇನು ಸವರಿ, ಚಿನ್ನದ ರೇಕು ಅಂಟಿಸಿಕೊಂಡು, ಸತ್ತ ಮೊಲವೊಂದನ್ನು ಮಗುವಿನಂತೆ ಎತ್ತಿಕೊಂಡು ಅದಕ್ಕೆ ಚಿತ್ರಗಳನ್ನು ವಿವರಿಸುತ್ತಾ ತಿರುಗಿದರು. ಬಾಗಿಲು ಹಾಕಿತ್ತು, ಜನ ಕಿಟಕಿಯಿಂದ ನೋಡಬೇಕಿತ್ತು. ನಾನು ಅದನ್ನು ಕಂಡಿರುವುದು ಫೋಟೊಗಳಲ್ಲಿ ಮಾತ್ರ. ಆದರೂ ಆ ಮುಖ ಕಣ್ಣಿಂದ ಹೋಗುವುದಿಲ್ಲ. ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಕ್ಯಾಮೆರಾಕ್ಕೆಂದೇ ವೇಷ ಕಟ್ಟಿ, ತಾವೇ ದೇವಿಯಾಗಿ, ತಾವೇ ಸಿನಿಮಾ ನಾಯಕಿಯಾಗಿ ನಿಂತದ್ದು ಈ ದಾರಿಯಲ್ಲೇ ಇನ್ನೂ ಮುಂದಕ್ಕೆ ಹೋದ ಹೆಜ್ಜೆ ಎಂದು ಇಲ್ಲಿ ನಿಂತಾಗ ಹೊಳೆಯಿತು.

ಮಧ್ಯಾಹ್ನ ಬಾಯಾರಿ ಕೊಂಡ ನೀರಿನ ಬಾಟಲಿ ಬುಸ್ಸೆಂದು ಉಕ್ಕಿ ಶಾಲೆಲ್ಲ ಒದ್ದೆ. ಈ ದೇಶದಲ್ಲಿ ಸುಮ್ಮನೆ ‘ನೀರು’ ಎಂದರೆ ಸೋಡಾ ಕೊಡುತ್ತಾರೆ. ಗ್ಯಾಸ್ ಇಲ್ಲದ್ದು ಬೇಕೆಂದು ಬಿಡಿಸಿ ಹೇಳಬೇಕು.

ಸಂಜೆ ವಸ್ತುಸಂಗ್ರಹಾಲಯದ ಒಂದು ಗೋಡೆಯ ಮುಂದೆ ನನ್ನ ಕಾಲು ನಿಂತೇಬಿಡುತ್ತದೆ. ಒಂಬತ್ತು ಕಪ್ಪು-ಬಿಳುಪು ಫೋಟೊಗಳು, ಚೌಕಾಬಾರ ಮನೆಗಳಂತೆ ಸಾಲಾಗಿ. ಎಲ್ಲವೂ ನೀರಿನ ಟ್ಯಾಂಕುಗಳೇ! ಒಂದಕ್ಕೆ ಗುಂಡು ಹೊಟ್ಟೆ, ಒಂದಕ್ಕೆ ಟೋಪಿ, ಒಂದು ಅಣಬೆಯಂತೆ. ಮನುಷ್ಯರಿಲ್ಲ, ನೆರಳಿಲ್ಲ. ಇವು ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿಯ ಚಿತ್ರಗಳು. 1959ರಿಂದ ಅವರು ಜೊತೆಯಾಗಿ, ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಭಾರದ ಕ್ಯಾಮೆರಾ ಹೇರಿಕೊಂಡು, ಮುಚ್ಚಿಹೋಗುತ್ತಿದ್ದ ಗಣಿ, ಕುಲುಮೆ, ಟ್ಯಾಂಕುಗಳ ಬೆನ್ನು ಹತ್ತಿದರು. ಬಿಸಿಲಿದ್ದರೆ ನೆರಳು ಬಿದ್ದು ರೂಪ ಮುರಿಯುತ್ತದೆಂದು ಮೋಡ ಕವಿದ ಬೆಳಗಿಗೆ ಕಾಯುತ್ತಿದ್ದರು. ಏಣಿ ಹತ್ತಿ, ವಸ್ತುವಿನ ನಡುಮಟ್ಟದಿಂದ, ಪ್ರತಿಯೊಂದನ್ನೂ ಒಂದೇ ರೀತಿ ನೋಡಿದರು. ಇದನ್ನೇ ಸುಮಾರು ಐವತ್ತು ವರ್ಷ ಮಾಡಿದರು! ಫೋಟೊ ತೆಗೆದ ಇವರಿಗೆ 1990ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಪ್ರಶಸ್ತಿ ಬಂದದ್ದು ಶಿಲ್ಪ ವಿಭಾಗದಲ್ಲಿ. ಒಂಬತ್ತನ್ನು ಒಟ್ಟಿಗೆ ನೋಡುವಾಗ ನಮ್ಮೂರ ದಾರಿಯ ಟ್ಯಾಂಕುಗಳೆಲ್ಲ ಕಣ್ಮುಂದೆ ಬಂದವು. ಹಳ್ಳಿಗೊಂದಿವೆ. ಒಂದನ್ನಾದರೂ ನಾನು ತಲೆಯೆತ್ತಿ ನೋಡಿದ್ದೆನೆ?

ಪಕ್ಕದ ಗೋಡೆಯಲ್ಲಿ ಗಣಿಯ ಗೋಪುರಗಳು. ಕಬ್ಬಿಣದ ಕಾಲುಗಳು, ತುದಿಯಲ್ಲಿ ಎರಡು ಚಕ್ರ. ನನ್ನ ಬಾಯಿಂದ ತಾನಾಗಿ ಹೊರಟಿತು: “ಅಯ್ಯೋ, ಹೆಡ್‌ಗೇರ್!” ಕೆಜಿಎಫ್‌ನಲ್ಲಿ ಅದಕ್ಕೆ ಅದೇ ಹೆಸರು. ನನ್ನ ಸೋದರಮಾವ ಅಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದರು. ಆ ಚಕ್ರ ತಿರುಗಿಸಿ ಜನರನ್ನು ಭೂಮಿಯೊಳಕ್ಕೆ ಇಳಿಸುವುದು, ಮೇಲಕ್ಕೆಳೆಯುವುದು ಅವರ ಕೆಲಸ.

ಮರುದಿನ ಭಾನುವಾರ. ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಇಲ್ಲಿ ಕಾನೂನೇ ಹಾಗೆ. ಒಂದು ಪೊಟ್ಟಣ ಬಿಸ್ಕತ್ತಿಗೂ ಗತಿಯಿಲ್ಲ. ಹುಡುಗಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯೇ ಪರಮಾನ್ನ. ಎಸೆನ್ ಪಟ್ಟಣದ ತ್ಸೋಲ್‌ಫೆರೈನ್ ಕಲ್ಲಿದ್ದಲು ಗಣಿಯ ಅಂಗಳದಲ್ಲಿ ಕುಳಿತು ಅದನ್ನು ತಿನ್ನುತ್ತಿದ್ದೇನೆ. ತಲೆಯ ಮೇಲೆ 55 ಮೀಟರ್ ಎತ್ತರದ ಹೆಡ್‌ಗೇರ್. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡ ಈಗ ಮ್ಯೂಸಿಯಂ, ಅದರೊಳಕ್ಕೆ ಕಿತ್ತಳೆ ಬಣ್ಣದ ಎಸ್ಕಲೇಟರ್. ಕೋಕ್ ಕುಲುಮೆಗಳ ನಡುವೆ ಹಡಗಿನ ಕಂಟೇನರುಗಳಿಂದ ಕಲಾವಿದರು ಕಟ್ಟಿದ ಈಜುಕೊಳ! ಬೇಸಿಗೆಯಲ್ಲಿ ಮಕ್ಕಳು ಅಲ್ಲಿ ಧುಮುಕುತ್ತಾರಂತೆ. ಗಣಿ 1986ರಲ್ಲಿ ಮುಚ್ಚಿತು. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣ ಎಂದಿತು. 2001 ಎಂಬ ಅಂಕಿ ಓದಿ ತುತ್ತು ಕೈಯಲ್ಲೇ ಉಳಿಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಚಿನ್ನದ ಗಣಿ ಮುಚ್ಚಿದ್ದು. ಒಂದು ಊರಿಗೆ ಹಾರ ಬಂದ ವರ್ಷ ಇನ್ನೊಂದು ಊರಿಗೆ ಬೀಗ ಬಂತು.

ಅಲ್ಲಿಂದ ಡಾರ್ಟ್‌ಮುಂಡ್ ಹೊರವಲಯದ ತ್ಸೋಲರ್ನ್ ಗಣಿಗೆ. ಯಂತ್ರಶಾಲೆಯ ಬಾಗಿಲು ಕಂಡು ಇದು ಗಣಿಯೋ ಕಲ್ಯಾಣ ಮಂಟಪವೋ ಎಂದು ಬೆರಗಾಗುತ್ತೇನೆ. ಬಳ್ಳಿಯಂತೆ ಬಾಗಿದ ಕಬ್ಬಿಣ, ಬಣ್ಣದ ಗಾಜು. ಒಳಗೆ ಇಪ್ಪತ್ತನೆಯ ಶತಮಾನದ ಆರಂಭದ ವಿದ್ಯುತ್ ವೈಂಡಿಂಗ್ ಇಂಜಿನ್. ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಹರಿದದ್ದು 1902ರಲ್ಲಿ. ಹೆಚ್ಚುಕಡಿಮೆ ಒಂದೇ ಕಾಲದ ಕೂಸುಗಳು. 1960ರ ದಶಕದ ಕೊನೆಗೆ ಈ ಯಂತ್ರಶಾಲೆಯನ್ನು ಕೆಡವಲು ಹೊರಟಾಗ ಉಳಿಸಿ ಎಂದು ದನಿಯೆತ್ತಿದವರಲ್ಲಿ ಬೆಷರ್ ದಂಪತಿಯೂ ಇದ್ದರು. 1969ರಲ್ಲಿ ಇದು ಉಳಿಯಿತು. ಗಣಿ-ಕಾರ್ಖಾನೆಯನ್ನೂ ಸ್ಮಾರಕವೆಂದು ಕಾಪಾಡುವ ರೂಢಿ ಜರ್ಮನಿಯಲ್ಲಿ ಬೇರೂರಿದ್ದು ಇಲ್ಲಿಂದ. ಆದರೆ ಹಳೆಯ ಹೆಡ್‌ಗೇರ್‌ಗಳು ಅಷ್ಟರಲ್ಲಿ ಗುಜರಿಗೆ ಹೋಗಿದ್ದವು. ಈಗ ನಿಂತಿರುವವು ಬೇರೆ ಗಣಿಗಳಿಂದ ತಂದವು. ಇಂಜಿನ್ನಿನ ಹಿತ್ತಾಳೆ ಆಗಷ್ಟೇ ಒರೆಸಿದಂತೆ ಹೊಳೆಯುತ್ತಿದೆ. ಮಾವನಿಗೆಂದು ಫೋಟೊ ತೆಗೆದೆ.

ಕೊನೆಯ ನಿಲ್ದಾಣ ಕಾಸೆಲ್. ಚಕ್ರದ ಪೆಟ್ಟಿಗೆಯನ್ನು ಕಲ್ಲುಹಾಸಿನ ಬೀದಿಯಲ್ಲಿ ಎಳೆದರೆ ಗಡಗಡ ಸದ್ದಿಗೆ ದಾರಿಹೋಕರು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಐದು ವರ್ಷಕ್ಕೊಮ್ಮೆ ನೂರು ದಿನ ಡೊಕುಮೆಂಟಾ ಎಂಬ ಕಲಾಮೇಳ ನಡೆಯುವ ಊರು ಇದು; ನಾನು ಬಂದದ್ದು ಮೇಳವಿಲ್ಲದ ವರ್ಷ. ನಡುಚೌಕದಲ್ಲಿ ಎರಡು ದಾರಿ ಕೂಡುವಲ್ಲಿ ನೆಲಕ್ಕೆ ಹಾಸಿದ ಕಲ್ಲಿನ ಚೌಕ, ಅದರ ನಡುವೆ ರೂಪಾಯಿಯ ಎರಡರಷ್ಟು ಅಗಲದ ಒಂದು ಹಿತ್ತಾಳೆಯ ಬಿಲ್ಲೆ. ಅದು ಬಿಲ್ಲೆಯಲ್ಲ, ಸರಳಿನ ತುದಿ! ಅಮೆರಿಕದ ವಾಲ್ಟರ್ ಡಿ ಮರಿಯಾ 1977ರಲ್ಲಿ ಇಲ್ಲಿ ಒಂದು ಕಿಲೋಮೀಟರ್ ಆಳ ಕೊರೆಸಿ, ಅಷ್ಟುದ್ದದ ಹಿತ್ತಾಳೆ ಸರಳು ಇಳಿಸಿದ. ಕಾಣುವುದು 5 ಸೆಂಟಿಮೀಟರ್ ಅಗಲದ ತುದಿ ಮಾತ್ರ, ಉಳಿದದ್ದನ್ನು ನಂಬಬೇಕು. ನನಗೆ ನಂಬಲು ಕಷ್ಟವಾಗಲಿಲ್ಲ. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಮೇಲೆ ಬಟಾಣಿ ಮಾರುತ್ತಿದ್ದಾಗ ಅಷ್ಟು ಕೆಳಗೆ ಮನುಷ್ಯರು ಬೆವರುತ್ತಿದ್ದರೆಂಬುದನ್ನು ಬಾಲ್ಯವಿಡೀ ನಂಬಿದವಳು ನಾನು.

ಈ ಚೌಕದ ಬದಿಯಲ್ಲೇ ಬಾಯ್ಸ್ ಮತ್ತೆ ಸಿಗುತ್ತಾರೆ. 1982ರ ಡೊಕುಮೆಂಟಾದಲ್ಲಿ ಅವರು 7,000 ಕಪ್ಪುಕಲ್ಲಿನ ಕಂಬಗಳನ್ನು ಫ್ರಿಡೆರಿಸಿಯಾನುಮ್ ಮ್ಯೂಸಿಯಂ ಮುಂದೆ ರಾಶಿ ಸುರಿಸಿದರು. ಯಾರಾದರೂ 500 ಮಾರ್ಕ್ ಕೊಟ್ಟರೆ ಊರಲ್ಲೊಂದು ಗಿಡ, ಪಕ್ಕದಲ್ಲಿ ರಾಶಿಯಿಂದೊಂದು ಕಲ್ಲು. ಗಿಡ ಹೆಚ್ಚಿದಂತೆ ರಾಶಿ ಕರಗಬೇಕು. ಯುದ್ಧದಲ್ಲಿ ಬಾಂಬು ಬಿದ್ದು ಬೋಳಾಗಿದ್ದ ಪಟ್ಟಣ. ನಡುಚೌಕದಲ್ಲಿ ಕಲ್ಲುಗುಡ್ಡೆ ಕಂಡು ಸಿಟ್ಟಾದವರೂ ಇದ್ದರು. ಮೊದಲ ಓಕ್ ಗಿಡವನ್ನು ಬಾಯ್ಸ್ ನೆಟ್ಟರು. 1987ರಲ್ಲಿ ಕೊನೆಯದನ್ನು ಅದರ ಪಕ್ಕದಲ್ಲೇ ಮಗ ವೆಂಟ್ಸೆಲ್ ನೆಟ್ಟಾಗ ತಂದೆ ಇರಲಿಲ್ಲ.

ಆ ಎರಡು ಮರಗಳ ಕೆಳಗೆ ನಿಂತಿದ್ದೇನೆ. ನೆಟ್ಟ ದಿನ ಗಿಡಕ್ಕೆ ಆಸರೆಯ ಹಾಗೆ ಕಂಡಿರಬಹುದಾದ ಕಲ್ಲು ಈಗ ಮರದ ಬುಡದಲ್ಲಿ ಕುಳಿತ ಮುದುಕನಂತಿದೆ. ಮೂಲೆ ಮೂಲೆ ಕತ್ತರಿಸಿದಂಥ ಆ ಕಲ್ಲು ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ನೆಂಟನೇ ಸರಿ. ಬೀದಿ ಬೀದಿ ಸುತ್ತಿ ಎಣಿಸತೊಡಗಿದೆ: ಓಕ್, ಲಿಂಡನ್, ಮೇಪಲ್. ಒಬ್ಬ ಅಜ್ಜಿ ಕಲ್ಲಿಗೆ ಚೀಲ ಒರಗಿಸಿ ಬಸ್ಸಿಗೆ ಕಾಯುತ್ತಿದ್ದಾರೆ. ಅವರಿಗೆ ಇದು ಕಲಾಕೃತಿಯೂ ಹೌದು, ನೆರಳೂ ಹೌದು. ನನ್ನ ಮನಸ್ಸು ಹುಲಿಕಲ್‌–ಕುದೂರು ರಸ್ತೆಗೆ ಓಡುತ್ತದೆ. ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ 385 ಆಲದ ಮರಗಳು. ಬಾಯ್ಸ್ ಹೆಸರನ್ನು ಅವರು ಕೇಳಿರಲಿಕ್ಕಿಲ್ಲ. ಗಿಡ ನೆಡುವುದು ಒಂದು ದಿನದ ಕೆಲಸ, ಅದನ್ನು ದಿನದಿನವೂ ನೋಡುವುದು ಒಂದು ಜೀವಮಾನದ್ದು ಎಂಬುದು ಇಬ್ಬರಿಗೂ ಗೊತ್ತಿತ್ತು.

ರಾತ್ರಿ ಮಾವನಿಗೆ ವಿಡಿಯೊ ಕಾಲ್ ಮಾಡಿದೆ. ಊರಿನಲ್ಲಿ ನಡುರಾತ್ರಿ ಸಮೀಪಿಸಿದೆ, ಅವರಿನ್ನೂ ಎಚ್ಚರವಾಗಿದ್ದಾರೆ. ಬೆಣ್ಣೆಯ ಕತೆ, ಮೊಲದ ಕತೆ, ಕಲ್ಲುಮರದ ಕತೆ ಎಲ್ಲಕ್ಕೂ ಹೂಂಗುಟ್ಟಿದರು. ತ್ಸೋಲರ್ನ್ ಇಂಜಿನ್ನಿನ ಫೋಟೊ ಕಳಿಸಿದೊಡನೆ ಮಾತು ನಿಂತಿತು. ಕನ್ನಡಕ ಏರಿಸಿ, ಫೋನನ್ನು ಮುಖದ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ:

“ಓಡ್ತಾ ಇಲ್ವಲ್ಲಮ್ಮಾ ಇದು, ಆದ್ರೂ ಈಗ್ಲೂ ಎಣ್ಣೆ ಹಾಕ್ತಾರಾ?”

“ಹಾಕ್ತಾರೆ ಅನ್ಸುತ್ತೆ ಮಾವ, ಅಷ್ಟು ಹೊಳೀತಿತ್ತು.”

“ಹಾಗಾದ್ರೆ ಸರಿ,” ಎಂದರು.