ಕಂಬದಿಂದ ಕಂಬಕ್ಕೆ

ನಡಿಗೆಯ ಬೆಲೆ ಮನುಷ್ಯನಿಗೆ ತಿಳಿಯುವುದು ಕಾಲು ಕೈಕೊಟ್ಟಾಗಲೇ. ಕಾಲು ಕೈಕೊಡುವುದೆಂಬ ಮಾತಿಗೆ ನಮ್ಮ ಕನ್ನಡ ಅಧ್ಯಾಪಕರು ನಗಬಹುದು. ಕಲಾ ವಿಭಾಗದ ವಿದ್ಯಾರ್ಥಿ ವೈದ್ಯದ ಮಾತೆತ್ತಿದನೆಂದು ಗೆಳೆಯರು ಹುಬ್ಬೇರಿಸಲೂಬಹುದು. ಆದರೂ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದೆ ಇರಲಾರೆ.

ನಮ್ಮ ತಂದೆಯವರು ಓದುಬರಹ ಕಲಿತವರಲ್ಲ. ಎರಡು ಎಕರೆ ರಾಗಿ ಹೊಲ, ಎರಡು ಸೀಮೆಹಸು, ಕಿವಿಯ ಮೇಲೊಂದು ಬೀಡಿ, ಇಷ್ಟೇ ಅವರ ಆಸ್ತಿ. ಹೊಲವಿರುವುದು ಕೆರೆ ಏರಿಯ ಆಚೆ. ನಾನು ಬಿ.ಎ. ಸೇರಿದ ಹೊಸದರಲ್ಲಿ ಅವರು ಏರಿಯ ಮೇಲೆ ನಡುನಡುವೆ ನಿಲ್ಲತೊಡಗಿದರು. ಎಡಗಾಲಿನ ಮೀನಖಂಡವನ್ನು ಹಿಂಡಿದಂಥ ನೋವು. ಎರಡು ಮೂರು ನಿಮಿಷ ನಿಂತರೆ ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಾಜರು. ನಿಂತದ್ದು ಯಾರಿಗೂ ತಿಳಿಯಬಾರದೆಂದು ಅವರು ಪಕ್ಕದವರ ಪೈರನ್ನು ನೋಡುವವರಂತೆ ನಟಿಸುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಈ ಕಾಯಿಲೆಗೆ ‘ಅಂಗಡಿ ಕಿಟಕಿಯ ರೋಗ’ ಎಂಬ ಅಡ್ಡಹೆಸರಿದೆಯೆಂದು ಆಮೇಲೆ ಓದಿದೆ. ಅಲ್ಲಿಯ ರೋಗಿಗಳು ನೋವು ಬಂದಾಗ ಗಾಜಿನೊಳಗಿನ ಸಾಮಾನು ನೋಡುವವರಂತೆ ನಿಲ್ಲುತ್ತಾರಂತೆ! ಮಾನದ ಅಂಜಿಕೆ ಎಲ್ಲ ದೇಶಗಳಲ್ಲೂ ಒಂದೇ ಎಂದು ತೋರುತ್ತದೆ.

“ವಯಸ್ಸಾಯ್ತು, ಇನ್ನು ಜಗಲಿ ಮೇಲೆ ಕೂತ್ಕೊಳ್ಳಣ್ಣ” ಎಂದು ಊರವರು ಬುದ್ಧಿ ಹೇಳಿದರು. ಹುಲ್ಲು ತರುವವರೇ ಕೂತರೆ ಹಸುಗಳ ಗತಿಯೇನು? ಅವನ್ನು ಮಾರುವ ಮಾತು ಬಂತು. ನನ್ನ ಬಸ್ಸಿನ ಪಾಸು, ಪುಸ್ತಕ, ಪರೀಕ್ಷೆಯ ಫೀಜು ಎಲ್ಲವೂ ಡೈರಿಗೆ ಹಾಕಿದ ಹಾಲಿನಿಂದ ಬರುತ್ತಿದ್ದವು. ಅಪ್ಪನ ಕಾಲು ನಿಂತರೆ ನನ್ನ ಓದೂ ನಿಲ್ಲುವುದರಲ್ಲಿತ್ತು.

ತಾಲ್ಲೂಕು ಊರಿನ ವೈದ್ಯರೊಬ್ಬರು ತೋಳಿನಲ್ಲಿ ರಕ್ತದೊತ್ತಡ ನೋಡಿ, ಪಟ್ಟಿಯನ್ನು ಕಣಕಾಲಿಗೂ ಸುತ್ತಿ ನೋಡಿದರು. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದೆಯೆಂದು ಲೆಕ್ಕ. ತಂದೆಯವರದು 0.7 ಬಂತು. ನಾಲೆಯಲ್ಲಿ ಹೂಳು ತುಂಬಿದಂತೆ ನಾಳದ ಗೋಡೆಗೆ ಕೊಬ್ಬು ಮೆತ್ತಿಕೊಂಡಿತ್ತು. ಕೂತಾಗ ಸಾಲುವ ರಕ್ತ ನಡೆಯುವಾಗ ಸಾಲದು. ಆಗ ಸ್ನಾಯು ಕೂಗಿಕೊಳ್ಳುತ್ತದೆ. ಆ ಕೂಗೇ ನೋವು. ಈ ಕಾಯಿಲೆಗೆ ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆಗಳು ಮುಖ್ಯ ಕಾರಣಗಳು.

ವೈದ್ಯರು ಹೃದಯವನ್ನೂ ಪರೀಕ್ಷಿಸಿ, ಮಾತ್ರೆ ಬರೆದು, ಬೀಡಿ ಬಿಡಿಸಿ, ಮೂರನೆಯದಾಗಿ ನಡೆಯಲು ಹೇಳಿದರು. ನೋವು ಬಂದರೂ ಅದು ಸಾಕಷ್ಟು ಬಲವಾಗುವ ತನಕ ನಡೆಯಬೇಕು, ಆಗ ನಿಂತು, ಅದು ಪೂರ್ತಿ ಇಳಿಯುವ ತನಕ ಕಾಯಬೇಕು, ಮತ್ತೆ ನಡೆಯಬೇಕು. ಹೀಗೆ ಅರ್ಧ ಗಂಟೆ, ವಾರಕ್ಕೆ ಕನಿಷ್ಠ 3 ದಿನ, 3 ತಿಂಗಳಿಗೆ ಕಡಿಮೆಯಿಲ್ಲದಂತೆ. ಬರಬರುತ್ತ ಮುಕ್ಕಾಲು ಗಂಟೆ, ಒಂದು ಗಂಟೆ.

“ನೋಯೋ ಕಾಲನ್ನೇ ಇನ್ನೂ ನಡೆಸು ಅಂತಾರಲ್ಲ ಮಗ, ಇದ್ಯಾವ ಔಷಧಿಯೋ!” ಎಂದರು ತಂದೆಯವರು.

ನನಗೂ ಕುತೂಹಲವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಈ ನೋವಿನ ಇಂಗ್ಲಿಷ್ ಹೆಸರು ‘ಕ್ಲಾಡಿಕೇಶನ್’. ಲ್ಯಾಟಿನ್ನಿನಲ್ಲಿ ಕುಂಟುವುದು ಎಂದರ್ಥ. ನಾವು ಚರಿತ್ರೆಯಲ್ಲಿ ಓದಿದ ರೋಮಿನ ಕ್ಲಾಡಿಯಸ್‌ನ ಹೆಸರಿಗೂ ಮೂಲ ಅದೇ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ ಇದನ್ನು ಮೊದಲು ವರ್ಣಿಸಿದ್ದು ಒಂದು ಕುದುರೆಯಲ್ಲಿ! ಮನುಷ್ಯರಲ್ಲಿಯೂ ಹೀಗಾಗುವುದನ್ನು ಶಾರ್ಕೋ 1858ರಲ್ಲಿ ವಿವರಿಸಿದ. ದಿನವೂ ನಡೆದರೆ ಗುಣ ಕಾಣುತ್ತದೆಂದು ಡೆನ್ಮಾರ್ಕಿನ ಲಾರ್ಸೆನ್ ಮತ್ತು ಲಾಸೆನ್ 1966ರಲ್ಲಿ ಪ್ರಯೋಗ ಮಾಡಿ ತೋರಿಸಿದರು. 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 305 ಜನರ ಮೇಲೆ ನಡೆದ ಪ್ರಯೋಗವಂತೂ ತಂದೆಯವರ ಪ್ರಶ್ನೆಗೇ ಉತ್ತರ ಹೇಳುವಂತಿದೆ: ನೋವು ಬರುವಷ್ಟು ಬಿರುಸಾಗಿ ನಡೆದವರ ನಡಿಗೆ ಒಂದು ವರ್ಷದಲ್ಲಿ ಸುಧಾರಿಸಿತು, ನೋವು ಬಾರದಂತೆ ಮೆಲ್ಲಗೆ ನಡೆದವರಿಗೆ ನಡೆಯದವರಿಗಿಂತ ಹೆಚ್ಚಿನ ಲಾಭವಾಗಲಿಲ್ಲ.

ಇದರಿಂದ ನಾಳದ ಹೂಳು ಹೋಗುವುದಿಲ್ಲ. ಬಂದಷ್ಟು ರಕ್ತದಲ್ಲೇ ಹೆಚ್ಚು ಕೆಲಸ ಮಾಡುವುದನ್ನು ಸ್ನಾಯು ಕಲಿಯುತ್ತದೆ; ಸಣ್ಣ ನಾಳಗಳು ಚುರುಕಾಗುತ್ತವೆ. ಬಂದಷ್ಟು ಮಳೆಯಲ್ಲೇ ಬೆಳೆ ತೆಗೆಯುವ ನಮ್ಮ ತಂದೆಯವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಏರಿಯ ಮೇಲೆ ಕರೆಂಟ್ ಕಂಬಗಳಿವೆ. ಕಂಬದಿಂದ ಕಂಬಕ್ಕೆ ನನ್ನ ಲೆಕ್ಕದಲ್ಲಿ 60 ಹೆಜ್ಜೆ. ತಂದೆಯವರು ಕಂಬ ಎಣಿಸಿದರು, ನಾನು ನೋಟುಪುಸ್ತಕದಲ್ಲಿ ಬರೆದೆ. ಮೊದಲ ವಾರ ನಾಲ್ಕನೆಯ ಕಂಬದ ಬಳಿ ನಿಂತರು. ತಿಂಗಳು ಕಳೆದರೂ ಐದು ದಾಟಲಿಲ್ಲ. “ಸಾಕು ಕಣೋ, ಹಸು ಮಾರಿಬಿಡೋಣ” ಎಂದರು. ಅವ್ವ ಮಾತಾಡಲಿಲ್ಲ, ಮಾಡಿನಲ್ಲಿ ಉಳಿದಿದ್ದ ಬೀಡಿ ಕಟ್ಟನ್ನು ಎತ್ತಿ ಒಲೆಗೆ ಹಾಕಿದರು. ಮರುದಿನ ಬೆಳಿಗ್ಗೆ ತಂದೆಯವರು ತಾವಾಗಿಯೇ ಏರಿಯ ಕಡೆ ಹೊರಟರು. ಮೂರನೆಯ ತಿಂಗಳಿಗೆ ಎಂಟು ಕಂಬ. ಆರನೆಯ ತಿಂಗಳಿಗೆ ಹದಿಮೂರು. ಈಗ ದಾರಿಯಲ್ಲಿ ಒಮ್ಮೆ ಮಾತ್ರ ನಿಂತು ಹೊಲ ಮುಟ್ಟುತ್ತಾರೆ. ಪೈರು ನೋಡುವ ನಟನೆಯೂ ಹೋಗಿದೆ. ಯಾರಾದರೂ ಕೇಳಿದರೆ, “ನಡೆಯೋದೂ ಔಷಧಿ, ನಿಲ್ಲೋದೂ ಔಷಧಿ” ಎಂದು ಕಂಬಕ್ಕೊರಗಿಕೊಂಡೇ ಹೇಳುತ್ತಾರೆ.

ಆದರೆ ಒಂದು ಎಚ್ಚರಿಕೆ. ಮಲಗಿದ್ದಾಗಲೂ ಪಾದ ನೋಯುತ್ತಿದ್ದರೆ, ಕಾಲಿನ ಗಾಯ ಮಾಯದಿದ್ದರೆ, ನಡಿಗೆಯನ್ನು ನಂಬಿ ಕೂರದೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಉಳಿದವರೂ ವೈದ್ಯರನ್ನು ಕೇಳಿಯೇ ನಡೆಯತೊಡಗುವುದು ಮೇಲು.

ಹಸುಗಳು ಕೊಟ್ಟಿಗೆಯಲ್ಲೇ ಇವೆ. ಈ ವರ್ಷ ನಾನು ಕೊನೆಯ ಪರೀಕ್ಷೆಗೆ ಕೂರುತ್ತಿದ್ದೇನೆ. ರಜೆಯಲ್ಲಿ ಊರಿಗೆ ಹೋಗುವ ಗೆಳೆಯರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಮನೆಯ ಹಿರಿಯರು ದಾರಿಯ ನಡುವೆ ನಿಂತು ಯಾರದೋ ಪೈರನ್ನು ಬಹಳ ಹೊತ್ತು ನೋಡುತ್ತಿದ್ದರೆ, ಹತ್ತಿರ ಹೋಗಿ ಕಾಲು ನೋಯುತ್ತಿದೆಯೇ ಎಂದು ಒಮ್ಮೆ ಕೇಳಿ.