ನೆಲದಲ್ಲೇ ನಿಂತ ವಿಮಾನ

ಪುಣೆಯಿಂದ ಬೆಂಗಳೂರಿಗೆ ಬೆಳಗಿನ ವಿಮಾನ. ಎಂಜಿನ್ ಸದ್ದು ಏರಿ, ಬೆನ್ನು ಸೀಟಿಗೆ ಒತ್ತಿಕೊಂಡು, ರನ್‌ವೇ ಪಕ್ಕದ ಹುಲ್ಲು ಹಿಂದಕ್ಕೆ ಓಡತೊಡಗಿತ್ತು. ಇದ್ದಕ್ಕಿದ್ದಂತೆ ಸದ್ದು ಬಿದ್ದುಹೋಯಿತು. ಮೈ ಮುಂದಕ್ಕೆ ಜಗ್ಗಿತು, ಬೆಲ್ಟು ಹೊಟ್ಟೆಗೆ ಒತ್ತಿತು, ಯಾರದೋ ಫೋನು ಕಾಲ ಬುಡದಲ್ಲಿ ಜಾರಿಕೊಂಡು ಮುಂದೆ ಹೋಯಿತು. ವಿಮಾನ ನಡುಗಿ ನಿಂತಿತು.

ಪಕ್ಕದ ಸೀಟಿನಲ್ಲಿ ಧಾರವಾಡದ ಕಡೆಯ ಅಜ್ಜಿ. "ಏನಾತಪಾ, ಯಾಕ ನಿಂತ್ತು?" ಎಂದರು. ಅಷ್ಟರಲ್ಲಿ ಕ್ಯಾಪ್ಟನ್ ಧ್ವನಿ ಬಂತು: ಏನೋ ಎಚ್ಚರಿಕೆಯ ದೀಪ ಹತ್ತಿದೆ, ಅದಕ್ಕೇ ನಿಲ್ಲಿಸಿದೆವು, ತಪಾಸಣೆಗೆ ಹಿಂದಿರುಗುತ್ತೇವೆ. ಅಜ್ಜಿಗೆ ವಿವರಿಸಿ, ನನ್ನ ಮೀಟಿಂಗ್ ಕೆಟ್ಟಿತು ಎಂದು ಗೊಣಗಿದೆ. ಅವರು, "ಮ್ಯಾಲೆ ಹೋದಮ್ಯಾಲೆ ನಿಂದ್ರಾಕ ಬರ್ತೈತೇನು? ನೆಲದಾಗ ನಿಂತದ್ದ ಛಲೋ ಆತು" ಎಂದರು.

ಆ ಮೀಟಿಂಗಿಗೆ ನಾನು ಒಯ್ಯುತ್ತಿದ್ದದ್ದು ಒಂದು ವರದಿ. ಹಿಂದಿನ ವಾರ ನಮ್ಮ ತಂಡದ ಒಂದು ರಿಲೀಸ್ ಕೆಟ್ಟು, ಗ್ರಾಹಕರ ಖಾತೆಯಿಂದ ಒಂದೇ ಕಂತು ಎರಡೆರಡು ಸಲ ಕಡಿತವಾಗಿತ್ತು. ಆ ರಾತ್ರಿ ಕಾಲ್‌ನಲ್ಲಿ ನಮ್ಮ ಟೆಸ್ಟಿಂಗ್ ಹುಡುಗಿ, ಕೆಲಸಕ್ಕೆ ಸೇರಿ ಒಂದು ವರ್ಷವಾದವಳು, "ಸರ್, ಒಂದು ಟೆಸ್ಟ್ ಎರಡು ಸಲ ಫೇಲ್ ಆಗಿ ಆಮೇಲೆ ಪಾಸ್ ಆಯ್ತು, ಇನ್ನೊಂದು ಸಲ ನೋಡೋಣ್ವಾ?" ಎಂದಿದ್ದಳು. "ಪಾಸ್ ಆಯ್ತಲ್ಲಮ್ಮ" ಎಂದು ನಾನು ಮುಂದೆ ಹೋಗಿದ್ದೆ. ಕಾಲ್‌ನಲ್ಲಿದ್ದ ಬೇರೆ ಯಾರೂ ಮಾತಾಡಲಿಲ್ಲ. ವರದಿಯಲ್ಲಿ ಮಾತ್ರ ನಾನು ಬರೆದಿದ್ದೆ: ಕಾರಣ, ಪರೀಕ್ಷೆಯಲ್ಲಿನ ಕೊರತೆ.

ಟರ್ಮಿನಲ್‌ನಲ್ಲಿ ಮೂರು ಗಂಟೆ ಕೂರಬೇಕಾಯಿತು. ಎಂಜಿನಿಯರಿಂಗ್ ಓದಿದವನ ಚಟ, ನಿಂತದ್ದು ಹೇಗೆ ಎಂದು ಓದತೊಡಗಿದೆ. ಪ್ರತಿ ಟೇಕಾಫ್‌ಗೂ ಮುಂಚೆ ವಿಮಾನದ ತೂಕ, ರನ್‌ವೇ ಉದ್ದ, ಗಾಳಿ, ಬಿಸಿಲು ಎಲ್ಲ ಲೆಕ್ಕಹಾಕಿ ಒಂದು ವೇಗ ಗೊತ್ತುಮಾಡುತ್ತಾರೆ. ಅದಕ್ಕೆ ವಿ-ಒನ್ ಎಂದು ಹೆಸರು. ಅದರೊಳಗೆ ಬ್ರೇಕ್ ಹಾಕಿದರೆ ಉಳಿದ ರನ್‌ವೇಯಲ್ಲಿ ನಿಲ್ಲಬಹುದು. ಅದು ದಾಟಿದರೆ ಒಂದು ಎಂಜಿನ್ ಕೆಟ್ಟರೂ ಹಾರಲೇಬೇಕು. ವೇಗ ಕಡಿಮೆಯಿದ್ದಾಗ ಸಣ್ಣ ಅನುಮಾನಕ್ಕೂ ನಿಲ್ಲಿಸಬಹುದು. 80 ಅಥವಾ 100 ನಾಟ್ ದಾಟಿದ ಮೇಲೆ ಬೆಂಕಿ, ಎಂಜಿನ್ ವೈಫಲ್ಯದಂಥ ದೊಡ್ಡ ಕಾರಣಕ್ಕೆ ಮಾತ್ರ. ಇದನ್ನೆಲ್ಲ ಪೈಲಟ್‌ಗಳು ಹೊರಡುವ ಮುಂಚೆಯೇ ಬಾಯಿಬಿಟ್ಟು ಮಾತಾಡಿಕೊಳ್ಳುತ್ತಾರೆ, ಯಾಕೆಂದರೆ ಓಡುವಾಗ ಯೋಚಿಸಲು ಪುರುಸೊತ್ತಿಲ್ಲ. ಓಟದುದ್ದಕ್ಕೂ ಕ್ಯಾಪ್ಟನ್ ಕೈ ಥ್ರಾಟಲ್ ಮೇಲೆಯೇ ಇರುತ್ತದೆ. ವಿ-ಒನ್ ಎಂಬ ಮಾತು ಕೇಳಿದೊಡನೆ ಆ ಕೈ ತೆಗೆಯುತ್ತಾರೆ. ಇನ್ನು ನಿಲ್ಲಿಸುವ ಆಸೆಯೂ ಹುಟ್ಟಬಾರದು.

ಓದುತ್ತಾ ಟೆನೆರೀಫ್ ತಲುಪಿದೆ. 1977ರ ಮಾರ್ಚ್ 27. ಬೇರೆ ದ್ವೀಪದಲ್ಲಿ ಬಾಂಬ್ ಸಿಡಿದಿದ್ದರಿಂದ ಲೋಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ವಿಮಾನಗಳೆಲ್ಲ ಬಂದು ಇಳಿದಿದ್ದವು. ದಟ್ಟ ಮಂಜು. ಪ್ಯಾನ್ ಆ್ಯಮ್ ಕಂಪನಿಯ 747 ಇನ್ನೂ ರನ್‌ವೇ ಮೇಲೆಯೇ ನಿಧಾನಕ್ಕೆ ಸಾಗುತ್ತಿತ್ತು. ಅದೇ ರನ್‌ವೇಯಲ್ಲಿ ಕೆಎಲ್‌ಎಂ ಕಂಪನಿಯ 747 ಅನುಮತಿ ಸಿಗುವ ಮೊದಲೇ ಓಟ ಶುರು ಮಾಡಿತು. ಟವರ್ ಮತ್ತು ಪ್ಯಾನ್ ಆ್ಯಮ್ ಒಟ್ಟಿಗೆ ಮಾತಾಡಿದ್ದರಿಂದ ರೇಡಿಯೋದಲ್ಲಿ ಕಿರ್ರೆಂಬ ಸದ್ದಷ್ಟೇ ಬಂತು. ಆದರೂ ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ: ಪ್ಯಾನ್ ಆ್ಯಮ್ ಇನ್ನೂ ರನ್‌ವೇ ಬಿಟ್ಟಿಲ್ಲವೇ? ಕಂಪನಿಯಲ್ಲೇ ದೊಡ್ಡ ತರಬೇತುದಾರನಾಗಿದ್ದ ಕ್ಯಾಪ್ಟನ್ ಬಿಟ್ಟಿದೆ ಎಂದು ಗಟ್ಟಿಯಾಗಿ ಹೇಳಿದ. ಎಂಜಿನಿಯರ್ ಸುಮ್ಮನಾದ. ಕೆಲವೇ ಸೆಕೆಂಡುಗಳಲ್ಲಿ ಡಿಕ್ಕಿ. 583 ಜನ ಸತ್ತರು.

ಆಮೇಲೆ ನಿಯಮ ಬದಲಾದವು. ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ 'ಟೇಕಾಫ್' ಎಂಬ ಪದ ಬಳಸಬೇಕು ಎಂದಾಯಿತು. ಕಿರಿಯರು ಅನುಮಾನವನ್ನು ನುಂಗದೆ ಹೇಳುವುದನ್ನೂ, ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ಪೈಲಟ್‌ಗಳಿಗೆ ಪಾಠವಾಗಿ ಕಲಿಸತೊಡಗಿದರು.

ಎರಡು ಖಾತೆ ಕಡಿತವನ್ನು ಆ ಸಾವುಗಳ ಪಕ್ಕ ಇಡಲಾರೆ. ಆದರೆ "ಇನ್ನೂ ಬಿಟ್ಟಿಲ್ಲವೇ" ಎಂಬ ಆ ಪ್ರಶ್ನೆ ಓದಿದಾಗ ನನ್ನ ಕಿವಿಯಲ್ಲಿ ಕೇಳಿದ್ದು "ನೋಡೋಣ್ವಾ ಸರ್" ಎಂಬ ದನಿ. ನಮ್ಮ ರಿಲೀಸ್‌ಗೂ ಒಂದು ವಿ-ಒನ್ ಇತ್ತು. ಅವಳು ಕೇಳಿದಾಗ ನಾವದನ್ನು ದಾಟಿರಲಿಲ್ಲ. ಥ್ರಾಟಲ್ ಮೇಲಿದ್ದದ್ದು ನನ್ನ ಕೈ.

ಲ್ಯಾಪ್‌ಟಾಪ್ ತೆಗೆದು ಆ ಸಾಲು ಅಳಿಸಿದೆ. ಕೊರತೆ ಪರೀಕ್ಷೆಯಲ್ಲಿ ಕಂಡಿತ್ತು, ಎಚ್ಚರಿಸಿದ್ದರು, ಮುಂದುವರಿಯಲು ತೀರ್ಮಾನಿಸಿದ್ದು ನಾನು ಎಂದು ಬರೆದೆ. ಆ ವರ್ಷದ ಅಪ್ರೈಸಲ್‌ನಲ್ಲಿ ಅದರ ಬೆಲೆ ತೆತ್ತೆ, ಇರಲಿ. ಪುಣೆಗೆ ಮರಳಿ ಆ ಹುಡುಗಿಯ ಹತ್ತಿರ ಹೋಗಿ, "ತಪ್ಪು ನನ್ನದಮ್ಮ" ಎಂದೆ. "ಪರವಾಗಿಲ್ಲ ಸರ್" ಎಂದಳು, ಕಣ್ಣು ಸ್ಕ್ರೀನ್ ಬಿಟ್ಟು ಏಳಲಿಲ್ಲ. ಆಮೇಲೆ ಪ್ರತಿ ರಿಲೀಸ್ ಕಾಲ್‌ನಲ್ಲೂ ಎಲ್ಲರಿಗಿಂತ ಮೊದಲು ಅವಳನ್ನೇ ಕೇಳುತ್ತಿದ್ದೆ: ಏನಾದರೂ ಅನುಮಾನ ಇದೆಯಾ? ತಿಂಗಳುಗಟ್ಟಲೆ ಒಂದೇ ಉತ್ತರ, "ಇಲ್ಲ ಸರ್."

ಕಳೆದ ಆಗಸ್ಟ್‌ನಲ್ಲಿ ಒಂದು ರಾತ್ರಿ, "ಸರ್, ಒಂದು ನಿಮಿಷ" ಎಂದಳು. ಆ ರಿಲೀಸ್ ನಿಲ್ಲಿಸಿದೆವು. ಮರುದಿನ ಹುಡುಕಿದರೆ ಯಾವ ದೋಷವೂ ಸಿಗಲಿಲ್ಲ. ಆದರೂ ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂದಿತ್ತು.